ಬಳ್ಳಾರಿ ಜಾಲಿ, ಎರೆ ಕೆಸರು, ಆಷಾಢದ ಗಾಳಿ: ದೂರದ ಸೈಕಲ್ ಪ್ರಯಾಣಕ್ಕೆ ಬಿಡಿಭಾಗ ಆರಿಸುವ ಬಗೆ

ದೂರದ ಪ್ರಯಾಣಕ್ಕೆ ಸೈಕಲ್ ಸಿದ್ಧ ಮಾಡುವವರು ಸಾಮಾನ್ಯವಾಗಿ ತೂಕ ನೋಡುತ್ತಾರೆ, ಗೇರು ಎಷ್ಟಿವೆ ಎಂದು ಎಣಿಸುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ರಸ್ತೆಗೆ ಇಳಿಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಮಸ್ಕಿ ದಾಟಿದ ಮೇಲೆ ಈ ಭಾಗ ಕೈಕೊಟ್ಟರೆ ಸಿಂಧನೂರಿನ ಸೈಕಲ್ ಶಾಪಿನಲ್ಲಿ ರಿಪೇರಿ ಆಗುತ್ತದೆಯೇ? ಆಗದಿದ್ದರೆ ಇದರ ಬದಲಿ ನಮ್ಮ ಚೀಲದಲ್ಲಿದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಭಾಗ ಎಷ್ಟೇ ಉತ್ತಮವಾಗಿರಲಿ, ಈ ಸೀಮೆಗೆ ಅದು ಒಗ್ಗುವುದಿಲ್ಲ.

ರೊಕ್ಕ ಕಡಿಮೆಯಿದ್ದರೆ ಖರ್ಚಿನ ಸರದಿ ಹೀಗಿರಲಿ: ಮೊದಲು ಹಿಂದಿನ ಗಾಲಿ, ಆಮೇಲೆ ಟೈರು, ಆಮೇಲೆ ಕ್ಯಾರಿಯರ್. ಗೇರು ಕೊನೆಗೆ. ರಸ್ತೆಯಲ್ಲಿ ಪ್ರಯಾಣ ನಿಲ್ಲಿಸುವುದು ಹೆಚ್ಚಾಗಿ ಈ ಮೊದಲ ಮೂರೇ.

ಟೈರು, ಟ್ಯೂಬು, ವಾಲ್ವು

ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಗಿಡಕ್ಕೆ ಕನ್ನಡದಲ್ಲಿ ಇರುವ ಹೆಸರೇ ಬಳ್ಳಾರಿ ಜಾಲಿ. ಹೊಲದ ಬದು, ಕಾಲುವೆಯ ದಂಡೆ, ರಸ್ತೆಯ ಅಂಚು, ಎಲ್ಲೆಡೆ ಇದೆ. ಕಡಿದು ಹಾಕಿದ ಜಾಲಿಯ ಒಣ ಮುಳ್ಳು ಹಸಿಯದಕ್ಕಿಂತ ಗಟ್ಟಿ. ಹೀಗಾಗಿ ಇಲ್ಲಿ ಟೈರು ಆರಿಸುವುದೆಂದರೆ ಮೊದಲು ಮುಳ್ಳಿನ ಲೆಕ್ಕ.

ಅಗಲ 38ರಿಂದ 45 ಮಿ.ಮೀ. ಇರಲಿ. 28 ಮಿ.ಮೀ.ನ ರೇಸಿಂಗ್ ಟೈರು ಡಾಂಬರಿನ ಮೇಲೆ ಚೆನ್ನಾಗಿ ಓಡುತ್ತದೆ, ಆದರೆ ಎದುರು ಲಾರಿ ಬಂದಾಗ ಮಣ್ಣಿಗೆ ಇಳಿಯಲೇಬೇಕಾದ ರಸ್ತೆಗಳಲ್ಲಿ ಅದು ಕಷ್ಟ. ನಡುವೆ ರಬ್ಬರಿನ ದಪ್ಪ ರಕ್ಷಣಾ ಪದರ ಇರುವ ಟೂರಿಂಗ್ ಟೈರುಗಳು ಸಿಗುತ್ತವೆ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್‌ನಲ್ಲಿ ಈ ಪದರ 5 ಮಿ.ಮೀ. ಇದೆ. ಒಂದು ಟೈರೇ ಹೆಚ್ಚುಕಡಿಮೆ ಒಂದು ಕೆಜಿ ತೂಗುತ್ತದೆ, ಓಡಿಸಲು ಸ್ವಲ್ಪ ಭಾರವೆನಿಸುತ್ತದೆ. ಆದರೂ ಇಲ್ಲಿಗೆ ಅದು ಸರಿಯಾದ ಆಯ್ಕೆ. ನೆಗ್ಗಿಲು ಮುಳ್ಳು, ಗಾಜು, ಜಾಲಿಯ ಸಣ್ಣ ತುದಿಗಳನ್ನು ಅದು ತಡೆಯುತ್ತದೆ. ನೆಟ್ಟಗೆ ನಿಂತ ಉದ್ದ ಮುಳ್ಳಿಗೆ ಯಾವ ಟೈರೂ ಪೂರ್ತಿ ಉತ್ತರವಲ್ಲ. ಟೈರಿನೊಳಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯನ್ನು ನಂಬಬೇಡಿ. ನೂರಾರು ಕಿ.ಮೀ. ಓಡಿದ ಮೇಲೆ ಅದರ ಅಂಚೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ.

ಟ್ಯೂಬ್‌ಲೆಸ್ ಮಾಡಿಸಬೇಕೆಂದಿದ್ದರೆ ಒಂದು ಮಾತು ನೆನಪಿರಲಿ. ತೂತು ಮುಚ್ಚಲು ಒಳಗೆ ಹಾಕುವ ಸೀಲೆಂಟ್ ದ್ರವ ಬಿಸಿಲಿಗೆ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಆದ್ದರಿಂದ ತಿಂಗಳಿಗೊಮ್ಮೆ ತೆರೆದು ನೋಡಬೇಕು. ಸಣ್ಣ ಮುಳ್ಳಿಗೆ ಅದು ಬಹಳ ಒಳ್ಳೆಯ ಮದ್ದು, ಆದರೆ ಟೈರಿನ ಬದಿ ಹರಿದರೆ ಕೊನೆಗೆ ಟ್ಯೂಬೇ ಬೇಕು. ಅಂದರೆ ಟ್ಯೂಬು ಹೊರುವುದು ತಪ್ಪುವುದಿಲ್ಲ.

ಅಳತೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಟೈರಿನ ಬದಿಯಲ್ಲಿ ದೊಡ್ಡದಾಗಿ ಬರೆದ ಇಂಚನ್ನು ಬಿಟ್ಟು, ಸಣ್ಣದಾಗಿ ಬರೆದ ಮೂರಂಕಿ ನೋಡಿ. ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ ಅದು, ಮಿ.ಮೀ.ನಲ್ಲಿ. 700ಸಿ ಮತ್ತು 29 ಇಂಚು ಎರಡಕ್ಕೂ 622. ಹೊಲಕ್ಕೆ ಓಡಾಡುವ ಕಪ್ಪು ಸೈಕಲ್ಲಿನ 28 × 1½ ಟೈರಿಗೆ 635. ಗೇರ್ ಸೈಕಲ್ಲಿನ 26 × 1.95ಕ್ಕೆ 559. ಆದರೆ ಹೆಣ್ಣುಮಕ್ಕಳ ಸೈಕಲ್ಲುಗಳಲ್ಲಿ ಕಾಣುವ 26 × 1⅜ಕ್ಕೆ 590. ಎರಡೂ 26 ಎಂದೇ ಬರೆದಿರುತ್ತವೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅವಸರದಲ್ಲಿ ಇಂಚು ನೋಡಿ ಟೈರು ಕೊಂಡರೆ ರೊಕ್ಕವೂ ಹೋಯಿತು, ಸಮಯವೂ ಹೋಯಿತು.

ತಾಲ್ಲೂಕು ಊರುಗಳಲ್ಲಿ ಸುಲಭವಾಗಿ ಸಿಗುವುದು 559 ಮತ್ತು 635ರ ಟೈರು. 559ರ ಗಾಲಿ ಇದ್ದರೆ ನಿಶ್ಚಿಂತೆಯಿಂದ ಹೊರಡಬಹುದು. 622ರ ಗಾಲಿ ಇದ್ದರೆ ಎರಡು ಟ್ಯೂಬು ಜೊತೆಗಿರಲಿ, ವಾರಕ್ಕಿಂತ ಹೆಚ್ಚಿನ ಪ್ರಯಾಣಕ್ಕೆ ಮಡಚುವ ಟೈರೂ ಒಂದಿರಲಿ. ಟ್ಯೂಬು ರಬ್ಬರು, ಹಿಗ್ಗುತ್ತದೆ, ಕುಗ್ಗುತ್ತದೆ. ತೀರಾ ಕಷ್ಟ ಬಂದರೆ 28 × 1½ರ ಟ್ಯೂಬನ್ನು 622ರ ಟೈರಿನೊಳಗೆ ಮಡಿಕೆ ಬೀಳದಂತೆ ಕೂರಿಸಿ ಊರು ಸೇರಬಹುದು. ಅದಕ್ಕೆ ರಿಮ್ಮಿನ ತೂತು ದೊಡ್ಡದಿರಬೇಕು. ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಕೊರೆದ ತೂತು ಸುಮಾರು 6.5 ಮಿ.ಮೀ. ಬೈಕಿನಂಥ ಶ್ರೇಡರ್ ವಾಲ್ವಿಗೂ ಕಪ್ಪು ಸೈಕಲ್ಲಿನ ವಾಲ್ವಿಗೂ 8.5 ಮಿ.ಮೀ. ಬೇಕು. ಆದ್ದರಿಂದ ರಿಮ್ ಕೊಳ್ಳುವಾಗಲೇ ಶ್ರೇಡರ್ ತೂತಿನದನ್ನೇ ಕೇಳಿ. ಅದರ ಇನ್ನೊಂದು ಲಾಭ, ಯಾವ ಪೆಟ್ರೋಲ್ ಬಂಕಿನಲ್ಲಾದರೂ, ಬೈಕಿನ ಪಂಚರ್ ಅಂಗಡಿಯಲ್ಲಾದರೂ ಹವಾ ಹಿಡಿಸಬಹುದು. ಈಗಾಗಲೇ ಪ್ರೆಸ್ಟಾ ಇದ್ದವರು ಹಿತ್ತಾಳೆಯ ಸಣ್ಣ ಅಡಾಪ್ಟರ್ ಎರಡು ಕೊಂಡು, ಒಂದನ್ನು ಪಂಪಿಗೆ ಕಟ್ಟಿ, ಇನ್ನೊಂದನ್ನು ಪಂಚರ್ ಡಬ್ಬಿಯಲ್ಲಿ ಇಡಿ.

ಹವಾ ಎಷ್ಟಿರಬೇಕು? 40 ಮಿ.ಮೀ. ಟೈರು, 70-75 ಕೆಜಿಯ ಸವಾರ, 15 ಕೆಜಿ ಸಾಮಾನು ಇದ್ದರೆ ಹಿಂದೆ 50-55, ಮುಂದೆ 40-45 ಪಿಎಸ್‌ಐ ಸಾಕು. ಬೆಳಗಿನ 25 ಡಿಗ್ರಿಯಲ್ಲಿ 50 ತುಂಬಿದ ಟೈರು ಮಧ್ಯಾಹ್ನದ ಡಾಂಬರಿನ ಮೇಲೆ 60 ಡಿಗ್ರಿಗೆ ಕಾದರೆ 57-58 ತೋರಿಸುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯವರೆಗೆ ತುಂಬಬಾರದು. ಬಂಕಿನ ಯಂತ್ರದಲ್ಲಿ ಒಂದೇ ಸಲ ಒತ್ತಿ ಹಿಡಿಯಬೇಡಿ. ಬೈಕಿನ ಟೈರಿಗಿಂತ ಸೈಕಲ್ ಟೈರಿನ ಹೊಟ್ಟೆ ಸಣ್ಣದು, ಕ್ಷಣದಲ್ಲಿ ಒಡೆಯುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ, ನಡುನಡುವೆ ಕೈಯಿಂದ ಹಿಚುಕಿ ನೋಡಿ.

ಪಂಚರ್ ಹಾಕಿದ ಮೇಲೂ ಹತ್ತು ನಿಮಿಷಕ್ಕೆ ಮತ್ತೆ ಹವಾ ಹೋದರೆ, ಮುಳ್ಳಿನ ತುದಿ ಟೈರಿನಲ್ಲೇ ಮುರಿದು ಉಳಿದಿದೆ ಎಂದೇ ತಿಳಿಯಿರಿ. ಹೊರಗಿನಿಂದ ಅದು ಕಾಣುವುದಿಲ್ಲ. ಒಳಗೆ ಬೆರಳಾಡಿಸಿದರೆ ಬೆರಳು ಸೀಳುತ್ತದೆ. ಒಂದು ಹಿಡಿ ಹತ್ತಿಯನ್ನು ಟೈರಿನೊಳಗೆ ಸುತ್ತಲೂ ಉಜ್ಜಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಹೆದ್ದಾರಿ 67ರಂಥ ಲಾರಿ ರಸ್ತೆಯ ಅಂಚಿನಲ್ಲಿ, ಒಡೆದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿಗಳೂ ಇದೇ ಕೆಲಸ ಮಾಡುತ್ತವೆ. ಅವನ್ನು ಕೀಳಲು ಮೊನೆಯಿರುವ ಚಿಮಟ ಬೇಕು. ಸೊಲ್ಯೂಷನ್ ಹಚ್ಚಿದ ಮೇಲೆ ಪೂರ್ತಿ ಒಣಗುವ ತನಕ, ಐದು ನಿಮಿಷವಾದರೂ, ಕಾದು ಪ್ಯಾಚ್ ಒತ್ತಿ. ಹಸಿ ಇರುವಾಗ ಒತ್ತಿದ ಪ್ಯಾಚು ಬಿಸಿಲಿಗೆ ಜಾರುತ್ತದೆ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಬೇಗ ಒಣಗುವುದರಿಂದ ತೆರೆಯದ ಸಣ್ಣ ಟ್ಯೂಬು ಎರಡು ಇರಲಿ.

ಹಿಂದಿನ ಗಾಲಿ

ಸಾಮಾನಿನ ಭಾರ ಬೀಳುವುದು ಇದರ ಮೇಲೆ, ಸ್ಪೋಕು ಮುರಿಯುವುದೂ ಇದರಲ್ಲೇ. ಗೇರಿನ ಹಲ್ಲುಗಳು ಬಲಬದಿಯ ಜಾಗ ತಿನ್ನುವುದರಿಂದ ಬಲಗಡೆಯ ಸ್ಪೋಕುಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ನಿಲ್ಲುತ್ತವೆ. ಎಡಗಡೆಯವು ಸಡಿಲ. ಗಾಲಿ ಒಂದು ಸುತ್ತು ಸುತ್ತಿದಾಗಲೆಲ್ಲ ಪ್ರತಿ ಸ್ಪೋಕಿನ ಬಿಗಿ ಒಮ್ಮೆ ಇಳಿದು ಏರುತ್ತದೆ. ಬಿಗಿ ಸಾಲದ ಸ್ಪೋಕು ಹಬ್ಬಿನ (ಗಾಲಿಯ ನಡುಭಾಗದ) ಬಳಿಯ ಬಾಗಿನಲ್ಲಿ ಅಲ್ಲಾಡಿ ಅಲ್ಲಾಡಿ ದಣಿದು ಮುರಿಯುತ್ತದೆ. ಅಂದರೆ ಸ್ಪೋಕು ಮುರಿಯಲು ಭಾರವೊಂದೇ ಕಾರಣವಲ್ಲ, ಕಟ್ಟಿದ ಕೈಯೂ ಕಾರಣ.

36 ಸ್ಪೋಕಿನ ರಿಮ್ಮು, ಎರಡು ಗೋಡೆಯ ಅಲ್ಯುಮಿನಿಯಂ, 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಪೋಕು, ಮೂರು ಅಡ್ಡ ಹೆಣಿಗೆ (ಒಂದು ಸ್ಪೋಕು ಇತರ ಮೂರನ್ನು ದಾಟಿ ಹೋಗುವಂತೆ), ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆ ನಿಪ್ಪಲ್ಲು. ಇದು ಭಾರ ಹೊರುವ ಗಾಲಿ. ಮುಂದೆ 32 ನಡೆಯುತ್ತದೆ. ಅಲ್ಯುಮಿನಿಯಂ ನಿಪ್ಪಲ್ಲು ಹಗುರ, ಆದರೆ ಬೆವರು, ಮಳೆ, ಧೂಳು ಸೇರಿ ಸ್ಪೋಕಿಗೆ ಕಚ್ಚಿಕೊಂಡರೆ ಪಾನಾ ಹಾಕಿದಾಗ ತಲೆ ತಿರುಗಿ ಕಿತ್ತುಬರುತ್ತದೆ. ಹೊಸ ಗಾಲಿ ಬಂದ ಕೂಡಲೇ ಒಂದೇ ಬದಿಯ ಸ್ಪೋಕುಗಳನ್ನು ಬೆರಳಿಂದ ಮೀಟಿ ನೋಡಿ. ಎಲ್ಲದರ ಸ್ವರ ಹತ್ತಿರ ಹತ್ತಿರ ಒಂದೇ ಇರಬೇಕು. ಒಂದೆರಡು ಮಂಕಾಗಿ ಕೇಳಿದರೆ ಬಿಗಿ ಸಮ ಮಾಡಿಸಿ. ಆಮೇಲೆ ಪಕ್ಕಪಕ್ಕದ ಸಮಾನಾಂತರ ಸ್ಪೋಕುಗಳನ್ನು ಜೋಡಿಯಾಗಿ ಬಲವಾಗಿ ಹಿಚುಕಿ, ಬಾಗುಗಳು ತಮ್ಮ ಜಾಗಕ್ಕೆ ಕೂರುತ್ತವೆ. ಮತ್ತೆ ಬೆಂಡ್ ತೆಗೆಸಿ. ಈ ಕೆಲಸಕ್ಕೆ ಸೈಕಲ್ ಶಾಪಿನ ಹಳಬರಷ್ಟು ಒಳ್ಳೆಯ ಕೈ ಬೇರೆ ಸಿಗದು. ಭಾಗ ಹೊಸದು ಎಂದು ಅವರ ಬಳಿ ಹೋಗಲು ಹಿಂಜರಿಯಬೇಡಿ.

ಬಲಗಡೆಯ ಅಳತೆಯದು ಎರಡು, ಎಡಗಡೆಯದು ಎರಡು, ಮುಂದಿನದು ಎರಡು, ಒಟ್ಟು ಆರು ಸ್ಪೋಕನ್ನು ನಿಪ್ಪಲ್ ಸಮೇತ ಫ್ರೇಮಿಗೆ ಟೇಪಿನಿಂದ ಸುತ್ತಿಡಿ. ಕಪ್ಪು ಸೈಕಲ್ಲಿನ ಸ್ಪೋಕಿನ ಉದ್ದ ನಿಮ್ಮ ರಿಮ್ಮಿಗೆ ಸೇರುವುದಿಲ್ಲ, ಅಂಗಡಿಯಲ್ಲಿ ಸಿಗುತ್ತದೆ ಎಂದು ಬಿಡುವಂತಿಲ್ಲ. ಬಲಗಡೆಯದನ್ನು ಹಾಕಲು ಗೇರಿನ ಹಲ್ಲುಗಳ ಗುಚ್ಛ ಬಿಚ್ಚಬೇಕು. ಅದಕ್ಕೆ ಬೇಕಾದ ಹಲ್ಲಿನ ಸಣ್ಣ ಟೂಲು ಮತ್ತು ಗುಚ್ಛ ತಿರುಗದಂತೆ ಹಿಡಿಯಲು ಒಂದಡಿ ಹಳೆಯ ಚೈನು ನಿಮ್ಮ ಹತ್ತಿರವಿರಲಿ. ಅದನ್ನು ತಿರುಗಿಸುವ ದೊಡ್ಡ ಪಾನಾ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಸಿಗುತ್ತದೆ.

ಹಬ್ಬು ಯಾವುದು? ಕೋನು (ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಮತ್ತು ಬಿಡಿ ಗುಂಡುಗಳ ಹಬ್ಬು ಇಲ್ಲಿಗೆ ಸರಿ. ಶಿಮಾನೊದ ಹಿಂದಿನ ಹಬ್ಬಿಗೆ ಬದಿಗೆ 9ರಂತೆ ಕಾಲಿಂಚಿನ ಗುಂಡು, ಮುಂದಿನದಕ್ಕೆ ಬದಿಗೆ 10ರಂತೆ 3/16 ಇಂಚಿನ ಗುಂಡು. ಇವು ಕಪ್ಪು ಸೈಕಲ್ ರಿಪೇರಿ ಮಾಡುವ ಯಾವ ಅಂಗಡಿಯಲ್ಲೂ ಇರುತ್ತವೆ. ಕೋನಿನ ತೆಳು ಪಾನಾ ಮಾತ್ರ, ನಿಮ್ಮ ಹಬ್ಬಿನ ಅಳತೆಯದು, ನಿಮ್ಮದೇ ಇರಬೇಕು. ಕಡಿಮೆ ಬೆಲೆಯ 21 ಗೇರಿನ ಸೈಕಲ್ಲಿನಲ್ಲಿ ಹಬ್ಬಿಗೆ ತಿರುಪಿ ಹಾಕುವ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗು ಫ್ರೇಮಿನಿಂದ ದೂರ, ಒಳಗೆ ಕೂರುತ್ತದೆ. ನಡುವಿನ ಆಕ್ಸಲ್ ಆಸರೆಯಿಲ್ಲದೆ ಭಾರಕ್ಕೆ ಬಾಗಿ ಮುರಿಯುತ್ತದೆ. ಆ ಸೈಕಲ್ಲಿಗೆ ಕ್ಯಾರಿಯರ್ ಹಾಕಿ ದೂರ ಹೋಗುವ ಯೋಚನೆಯಿದ್ದರೆ ಮೊದಲು ಹಲ್ಲುಗಳ ಗುಚ್ಛ (ಕ್ಯಾಸೆಟ್) ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನ ಗಾಲಿ ಕಟ್ಟಿಸಿ.

ಗೇರು ಮತ್ತು ಚೈನು

ಬಯಲು ಸೀಮೆಗೆ ಸಣ್ಣ ಗೇರು ಯಾಕೆ ಎಂದು ಕೇಳುವವರು ಸಂಡೂರಿನ ಗುಡ್ಡವನ್ನು ಸಾಮಾನು ಹೊತ್ತು ಹತ್ತಿಲ್ಲ, ಆಷಾಢದಲ್ಲಿ ಬಳ್ಳಾರಿಯಿಂದ ಕೊಪ್ಪಳದ ಕಡೆ ತುಳಿದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ನೀವು ಗಂಟೆಗೆ 20 ಕಿ.ಮೀ. ಹೋಗುವಾಗ ಎದುರಿನಿಂದ 20 ಕಿ.ಮೀ. ಗಾಳಿ ಬಂದರೆ ಮೈಗೆ ತಾಗುವುದು 40ರ ಗಾಳಿ, ಅದರ ತಳ್ಳು ನಾಲ್ಕು ಪಟ್ಟು. ಆ ತಿಂಗಳುಗಳಲ್ಲಿ ಹೊರಡುವುದಾದರೆ ಪಶ್ಚಿಮದಿಂದ ಪೂರ್ವಕ್ಕೆ, ಕೊಪ್ಪಳದಿಂದ ರಾಯಚೂರಿನ ಕಡೆಗೆ, ದಾರಿ ಹಾಕಿಕೊಳ್ಳಿ. ಹ್ಯಾಂಡಲ್ಲಿನಲ್ಲಿ ಮೈ ಬಗ್ಗಿಸಿ ಹಿಡಿಯುವ ಇನ್ನೊಂದು ಜಾಗವೂ ಇರಬೇಕು. ಡ್ರಾಪ್ ಹ್ಯಾಂಡಲ್ ಇಲ್ಲದಿದ್ದರೆ ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿ.

ನಮ್ಮ ಶಿಫಾರಸು, ಹಲ್ಲುಗಳ ಎಣಿಕೆಯಲ್ಲಿ: ಮುಂದೆ 44-32-22, ಹಿಂದೆ 8 ಸ್ಪೀಡಿನ (ಎಂಟು ಹಲ್ಲುಚಕ್ರದ) 11-34. ಲೆಕ್ಕ ನೋಡಿ. 40 ಮಿ.ಮೀ. ಟೈರಿನ 700ಸಿ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 22 ಮತ್ತು 34ರಲ್ಲಿ ಪೆಡಲಿನ ಒಂದು ಸುತ್ತಿಗೆ 1.4 ಮೀಟರ್, ಅಂದರೆ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ. ಏರಿನಲ್ಲಿ ಇಳಿದು ತಳ್ಳುವುದು ತಪ್ಪುತ್ತದೆ. 32 ಮತ್ತು 17ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ಸಿರುಗುಪ್ಪ, ಸಿಂಧನೂರು, ಮಾನ್ವಿಯ ಸಪಾಟು ರಸ್ತೆಯಲ್ಲಿ ದಿನದ ಬಹುಪಾಲು ಇದರಲ್ಲೇ ಕಳೆಯುತ್ತದೆ. ಹಾಗಾಗಿ ಕ್ಯಾಸೆಟ್ ಕೊಳ್ಳುವಾಗ ಅತಿ ದೊಡ್ಡದು, ಅತಿ ಸಣ್ಣದು ಎಷ್ಟು ಎಂಬುದಕ್ಕಿಂತ 15-17-20ರ ಸುತ್ತಮುತ್ತ ಅಂತರ ಎಷ್ಟು ಎಂದು ನೋಡಿ.

8 ಸ್ಪೀಡೇ ಯಾಕೆ? 6, 7, 8 ಸ್ಪೀಡಿಗೆ ಒಂದೇ ಚೈನು ನಡೆಯುತ್ತದೆ. ಕಾಲೇಜು ಹುಡುಗರ 21 ಗೇರಿನ ಸೈಕಲ್ಲಿಗೆ ಹಾಕುವ ಚೈನೇ ನಿಮಗೂ ಆಗುತ್ತದೆ, ಗಂಗಾವತಿಯಲ್ಲೂ ಸಿಕ್ಕೀತು. 10, 11 ಸ್ಪೀಡಿನ ತೆಳು ಚೈನು ಸಿಗುವ ಭರವಸೆಯಿಲ್ಲ. ಚೈನು ಸವೆದಿದ್ದು ತಿಳಿಯಲು ಸ್ಟೀಲ್ ಪಟ್ಟಿ ಸಾಕು. 12 ಪೂರ್ತಿ ಕೊಂಡಿಯ ಉದ್ದ ಹೊಸದರಲ್ಲಿ 304.8 ಮಿ.ಮೀ. 306.5 ದಾಟಿದರೆ ಚೈನು ಬದಲಿಸಿ. 308ರ ತನಕ ಓಡಿಸಿದರೆ ಹಲ್ಲುಗಳೂ ಹೋಗುತ್ತವೆ, ಖರ್ಚು ಮೂರು ಪಟ್ಟು.

ತೋರಣಗಲ್ಲು, ಸಂಡೂರು ಕಡೆಯ ಕೆಂಪು ಧೂಳು ಕಬ್ಬಿಣದ ಅದಿರಿನ ಪುಡಿ. ದಪ್ಪ ಎಣ್ಣೆ ಅದನ್ನು ಹಿಡಿದಿಟ್ಟು ಅರೆಯುವ ಕಲ್ಲು ಮಾಡುತ್ತದೆ. ಎಂಜಿನ್ ಆಯಿಲ್, ಗ್ರೀಸು ಚೈನಿಗೆ ಬೇಡ. ಧೂಳು ಹಿಡಿಯದ ತೆಳು ಚೈನೆಣ್ಣೆ (ಡ್ರೈ ಲ್ಯೂಬ್) ಹನಿಸಿ, ಹತ್ತು ನಿಮಿಷ ಬಿಟ್ಟು, ಹೊರಗಿನದೆಲ್ಲ ಬಟ್ಟೆಯಿಂದ ಒರೆಸಿ. 200 ಕಿ.ಮೀ.ಗೊಮ್ಮೆ ಹೀಗೆ ಮಾಡಿ.

ಸುಗ್ಗಿಯಲ್ಲಿ ಇನ್ನೊಂದು ಅಪಾಯ. ಗಂಗಾವತಿ, ಕಾರಟಗಿ, ಸಿಂಧನೂರಿನ ರಸ್ತೆ ಮೇಲೆ ಭತ್ತ, ಹುಲ್ಲು ಹರವಿರುತ್ತಾರೆ. ಒದ್ದೆ ಹುಲ್ಲು ಗೇರು ಬದಲಿಸುವ ಹಿಂದಿನ ಡಿರೇಲರಿನ ಸಣ್ಣ ಗಾಲಿಗಳಿಗೆ ಸುತ್ತಿಕೊಂಡಾಗ ಬಲ ಹಾಕಿ ತುಳಿದರೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ತಿರುಚಿ ಡಿರೇಲರ್ ಸ್ಪೋಕಿಗೆ ಬೀಳುತ್ತದೆ. ಚೈನು ಬಿಗಿ ಎನಿಸಿದ ಕ್ಷಣವೇ ತುಳಿಯುವುದು ನಿಲ್ಲಿಸಿ, ಇಳಿದು ಬಿಡಿಸಿ. ಹ್ಯಾಂಗರ್ ಪ್ರತಿ ಫ್ರೇಮಿಗೂ ಬೇರೆ, ಆದ್ದರಿಂದ ಸೈಕಲ್ ಕೊಂಡ ದಿನವೇ ಬದಲಿ ಒಂದು ತೆಗೆದಿಡಿ. ಗೂಡ್ಸ್ ಗಾಡಿಗೆ ಸೈಕಲ್ ಹಾಕುವಾಗ ಬಲಬದಿ ಮೇಲಿರಲಿ.

ಬ್ರೇಕು

ತಂತಿಯ ಡಿಸ್ಕ್ ಬ್ರೇಕು ಅಥವಾ ರಿಮ್ಮನ್ನು ರಬ್ಬರಿನಿಂದ ಹಿಡಿಯುವ ವಿ-ಬ್ರೇಕು ಸಾಕು. ಗುಡ್ಡ, ಅದಿರಿನ ಧೂಳಿನ ದಾರಿಗೆ ಡಿಸ್ಕ್ ಮೇಲು, ಏಕೆಂದರೆ ಧೂಳು ಮೆತ್ತಿದ ಬ್ರೇಕ್ ರಬ್ಬರು ರಿಮ್ಮನ್ನೇ ಸವೆಸುತ್ತದೆ. ಬಯಲಿಗೆ ವಿ-ಬ್ರೇಕು ಧಾರಾಳ. ತಂತಿಯ ಬದಲು ದ್ರವದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು ಚೆನ್ನಾಗಿ ಹಿಡಿಯುತ್ತದೆ, ಆದರೆ ಪೈಪು ಸೋರಿದರೆ ಬೈಕ್ ಮೆಕ್ಯಾನಿಕ್ ಬಳಿ ಇರುವುದು ಬೈಕಿನ ಬ್ರೇಕಿಗೆ ಹಾಕುವ ಡಾಟ್ ಫ್ಲೂಯಿಡ್. ಶಿಮಾನೊ ಬ್ರೇಕಿಗೆ ಬೇಕಾದದ್ದು ಮಿನರಲ್ ಆಯಿಲ್. ಡಾಟ್ ಹಾಕಿದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಇಡೀ ಬ್ರೇಕು ಹಾಳಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಯಾರಾದರೂ ಹಾಕಲು ಬಂದರೂ ತಡೆಯಿರಿ. ಹಿಂದಿನ ಬ್ರೇಕಿನ ತಂತಿ ಒಂದು, ಹಿಂದಿನ ಗೇರಿನ ತಂತಿ ಒಂದು ಇರಲಿ. ಉದ್ದದ್ದು ಮುಂದಕ್ಕೂ ಆಗುತ್ತದೆ.

ಫ್ರೇಮು, ಮಡ್‌ಗಾರ್ಡು, ಕ್ಯಾರಿಯರ್

ಮಳೆ ಬಿದ್ದ ಎರೆ ಭೂಮಿಯಲ್ಲಿ ಸೈಕಲ್ಲನ್ನು ಐವತ್ತು ಹೆಜ್ಜೆ ತಳ್ಳಿದರೆ ಸಾಕು, ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ನಿಂತುಬಿಡುತ್ತದೆ. ಟೈರಿನ ಸುತ್ತ ಫ್ರೇಮಿನಲ್ಲಿ ಕನಿಷ್ಠ 10 ಮಿ.ಮೀ. ಜಾಗವಿರಲಿ, ಮಡ್‌ಗಾರ್ಡು ಕೈಯಲ್ಲೇ ಬಿಚ್ಚುವಂತಿರಲಿ. ಕೆಸರು ಕಂಡರೆ ಸೈಕಲ್ಲನ್ನು ಹೊತ್ತು ದಾಟಿ, ತಳ್ಳಬೇಡಿ.

ಕ್ಯಾರಿಯರ್ ಉಕ್ಕಿನದೇ ಕೊಳ್ಳಿ. ಅಲ್ಯುಮಿನಿಯಂ ಮುರಿದರೆ ದಾರಿಯಲ್ಲಿ ಬೆಸುಗೆ ಆಗದು. ಉಕ್ಕಿನದು ಮುರಿದರೆ ಟ್ರ್ಯಾಕ್ಟರ್ ಟ್ರೈಲರ್ ಬೆಸೆಯುವ ಅಂಗಡಿ ಪ್ರತಿ ಹೋಬಳಿಯಲ್ಲೂ ಇದೆ. ಫ್ರೇಮಿನ ತೆಳು ಕ್ರೋಮೋಲಿ (ಮಿಶ್ರ ಉಕ್ಕಿನ) ಕೊಳವೆಯನ್ನು ಮಾತ್ರ ಅದೇ ಆರ್ಕ್ ವೆಲ್ಡಿಂಗಿಗೆ ಕೊಡಬೇಡಿ, ಸುಟ್ಟು ತೂತಾಗುತ್ತದೆ. ಅದಕ್ಕೆ ಗ್ಯಾಸಿನ ಹಿತ್ತಾಳೆ ಬೆಸುಗೆ ಮಾಡಿಸಿ. ಕ್ಯಾರಿಯರ್ ಮುರಿಯುವುದಕ್ಕಿಂತ ಅದರ 5 ಮಿ.ಮೀ. ಬೋಲ್ಟು ಸಡಿಲಾಗಿ ಬಿದ್ದುಹೋಗುವುದೇ ಹೆಚ್ಚು. ನೈಲಾನ್ ನಟ್ಟು ಹಾಕಿ, ದಿನಾ ಬೆಳಗ್ಗೆ ಬಿಗಿ ನೋಡಿ, ನಾಲ್ಕು ಬೋಲ್ಟು ಹೆಚ್ಚಿಗೆ ಇಡಿ. ಚೀಲ ಕಟ್ಟಿ ಪೆಡಲ್ ತಿರುಗಿಸಿದಾಗ ಹಿಮ್ಮಡಿ ತಾಗಿದರೆ ಚೀಲವನ್ನು ಹಿಂದಕ್ಕೆ ಸರಿಸಿ. ಪೆಡಲ್ ನಡುವಿನಿಂದ ಹಿಂದಿನ ಆಕ್ಸಲ್‌ವರೆಗೆ 440 ಮಿ.ಮೀ.ಗಿಂತ ಹೆಚ್ಚಿರುವ ಫ್ರೇಮಿನಲ್ಲಿ ಈ ತೊಂದರೆ ಕಡಿಮೆ. ಒಟ್ಟು ಸಾಮಾನು 15 ಕೆಜಿಯೊಳಗೆ ನಿಲ್ಲಿಸಿ. ಚೀಲದ ಒಳಗೆ ತೊಳೆದ ಗೊಬ್ಬರದ ಚೀಲದ ಪ್ಲಾಸ್ಟಿಕ್ ಒಳಪದರ ಹಾಕಿದರೆ ಮಳೆಯೂ ಧೂಳೂ ಒಳಗೆ ಹೋಗವು.

ಸೀಟಿನ ಬಗ್ಗೆ ಒಂದೇ ಮಾತು: ಮೆತ್ತನೆಯದು ಬೇಡ, ಅಗಲ ಸರಿಯಿದ್ದು ಗಟ್ಟಿಯಿರುವುದು ಬೇಕು. ಹೊಸ ಸೀಟಿನಲ್ಲಿ ದೂರ ಹೊರಡಬೇಡಿ.

ನೀರು, ಬೆಳಕು

ನೀರು ಹೊರುವ ವ್ಯವಸ್ಥೆಯೂ ಬಿಡಿಭಾಗವೇ. ಬಿಸಿಲಲ್ಲಿ ಗಂಟೆಗೆ ಮುಕ್ಕಾಲಿನಿಂದ ಒಂದು ಲೀಟರ್ ಬೇಕು, 4 ಲೀಟರ್ ಹಿಡಿಯುವಂತಿರಲಿ. ಸಾಮಾನ್ಯ ಬಾಟಲ್ ಕೇಜಿಗೆ ಅಂಗಡಿಯ ಲೀಟರ್ ಬಾಟಲಿ ಹಿಡಿಯದು, ಅಗಲ ಹೊಂದಿಸುವ ಕೇಜು ಕೊಳ್ಳಿ. ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೂ ಕ್ಲೋರಿನ್ ಮಾತ್ರೆ ಹಾಕಿದರೂ ಅದು ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲೇ ತುಂಬಿಸಿ. ಓಆರ್‌ಎಸ್ ಮುಗಿದಿದ್ದರೆ ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಏಪ್ರಿಲ್, ಮೇನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನೆರಳಲ್ಲಿರಿ.

ಹಿಂದಿನ ಕೆಂಪು ದೀಪ ಎರಡಿರಲಿ, ಒಂದು ಆರಿದರೆ ಇನ್ನೊಂದು. ಚೀಲಗಳಿಗೆ ಹೊಳೆಯುವ ಟೇಪು ಅಂಟಿಸಿ, ಬಲಗಡೆ ಕನ್ನಡಿ ಹಾಕಿ. ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ಎದುರಾಗುವುದರಿಂದ ಮುಂದಿನ ದೀಪ ನಿಮಗೆ ದಾರಿ ಕಾಣಿಸುವಷ್ಟು ಇರಬೇಕು, ಮಿನುಗಿದರೆ ಸಾಲದು.

ಹೊರಡುವ ಮೊದಲು

ಪೂರ್ತಿ ಸಾಮಾನು ಕಟ್ಟಿ ಒಂದು ದಿನ ಬಳ್ಳಾರಿಯಿಂದ ತೋರಣಗಲ್ಲು ಮೇಲೆ ಸಂಡೂರಿಗೆ ಹೋಗಿ ಬನ್ನಿ. ಸಪಾಟು, ಲಾರಿ, ಧೂಳು, ಏರು ಎಲ್ಲವೂ ಒಂದೇ ದಾರಿಯಲ್ಲಿವೆ. ಕೊಪ್ಪಳದವರಿಗೆ ಗಂಗಾವತಿ ಮೇಲೆ ಆನೆಗೊಂದಿ ಆದೀತು. ಸಂಜೆ ಸೈಕಲ್ ತಲೆಕೆಳಗೆ ನಿಲ್ಲಿಸಿ, ಹಿಂದಿನ ಗಾಲಿ ತಿರುಗಿಸಿ ಬ್ರೇಕಿನ ಹತ್ತಿರ ಎಷ್ಟು ಓಲಾಡುತ್ತದೆ ನೋಡಿ. ಕ್ಯಾರಿಯರ್ ಬೋಲ್ಟುಗಳಿಗೆ ಕೀ ಹಾಕಿ, ಎಷ್ಟು ತಿರುಗಿತು ಎಂದು ಗಮನಿಸಿ. ಎಡಗಡೆಯ ಸ್ಪೋಕುಗಳನ್ನು ಮತ್ತೆ ಮೀಟಿ. ಮಂಕಾದದ್ದನ್ನು ಕಾಲು ಸುತ್ತು ಬಿಗಿಸಿ, ಮರುದಿನ ಅದೇ ಭಾರದಲ್ಲಿ ಇನ್ನೊಂದು 50 ಕಿ.ಮೀ. ಓಡಿಸಿ. ಆಗಲೂ ಸಡಿಲಾದರೆ ಗಾಲಿಯನ್ನು ಕಟ್ಟಿದವರ ಬಳಿಗೇ ಒಯ್ದು ಪೂರ್ತಿ ಬಿಗಿ ಸಮ ಮಾಡಿಸಿ, ಆಮೇಲೆ ಹೊರಡುವ ದಿನ ಗೊತ್ತು ಮಾಡಿ.